ಸವಾಯ್ ಅತ್ತೆಯ ಹುಳಿ ಜಾಡಿ

ಸವಾಯ್ ಅತ್ತೆ ಬರುತ್ತಿದ್ದಾಳೆ ಎಂದು ತಿಳಿಯಲು ಕಣ್ಣು ಬೇಡ, ಮೂಗು ಸಾಕು. ಬಾಗಿಲಿಗೊಂದು ಸಂಸಾರದಂತೆ ಒಂದೇ ಮಾಡಿನಡಿ ಸಾಲಾಗಿ ಬಾಳುವ ನಮ್ಮ ಉದ್ದಮನೆಯ ಮೆಟ್ಟಿಲನ್ನು ಅವಳು ಹತ್ತುವ ಮೊದಲೇ ನಿಂಬೆಯ ವಾಸನೆ ಹತ್ತಿ ಬಂದಿರುತ್ತದೆ. ಬೆತೊಂಗ್ ಪೇಟೆಯ ಬಸ್ ನಿಲ್ದಾಣದ ಪಕ್ಕದಲ್ಲಿ ಅವಳದೊಂದು ಟೀ ಅಂಗಡಿ. ಬಿಸಿಲಲ್ಲಿ ಬೆಂದು ಬಂದವರಿಗೆ ಐಸ್ ತುಂಬಿದ ನಿಂಬೆ ಟೀ. ಕೂತು ಕುಡಿಯುವ ಪುರುಸೊತ್ತು ಇದ್ದವರಿಗೆ ಮೂರು ಪದರದ ಟೀ: ತಳದಲ್ಲಿ ನೀಪಾ ತಾಳೆಯ ಬೆಲ್ಲ, ನಡುವೆ ಹಾಲು, ಮೇಲೆ ಕಡು ಚಹಾ, ಒಂದಕ್ಕೊಂದು ಬೆರೆಯದ ಹಾಗೆ ನಿಲ್ಲಿಸಿದ್ದು. ನಾನು ಹುಟ್ಟುವ ಮೊದಲಿನಿಂದ ಹಿಂಡಿದ ನಿಂಬೆ ಅವಳ ಉಗುರಿನ ಸಂದಿಗೆ ಇಳಿದುಬಿಟ್ಟಿದೆ. ಕೈಗೆ ಸೋಪು ಹಾಕಿದರೆ ಸೋಪಿಗೇ ನಿಂಬೆ ವಾಸನೆ ಹತ್ತುತ್ತದೆ.

ಪೇಟೆಯಲ್ಲಿ ಆ ಕೈಗೆ ಹೆಸರು. ಮನೆಯಲ್ಲಿ ಅದೇ ಕೈಗೆ ಬೈಗುಳ. ಏಕೆಂದರೆ ನಮ್ಮ ಇಬಾನ್ ಬುಡಕಟ್ಟಿನಲ್ಲಿ ತುವಾಕ್ ಹೆಂಡ ಹಾಕುವ ಕಡೆ ಹುಳಿ ಸುಳಿಯಬಾರದು. ಅಂಟಕ್ಕಿ ಬೇಯಿಸಿ, ಚಾಪೆಯ ಮೇಲೆ ಆರಿಸಿ, ಹುದುಗಿನ ಬಿಲ್ಲೆ ಪುಡಿ ಮಾಡಿ ಉದುರಿಸಿ ಜಾಡಿಗೆ ತುಂಬುವ ಹೆಂಗಸು ನಿಂಬೆ ಮುಟ್ಟಬಾರದು, ಹುಳಿ ಮಾವು ತಿನ್ನಬಾರದು, ಮುಖ ಹುಳಿ ಮಾಡಿಕೊಳ್ಳಲೂ ಬಾರದು. ಹಾಗೆ ಮಾಡಿದರೆ ಅಕ್ಕಿಯ ಹೆಂಡ ಸಿಹಿಯಾಗುವ ಬದಲು ಹುಳಿಯುತ್ತದೆ. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಿಲ್ಲ. ಬೈಸಿಕೊಂಡೇ ಕಲಿತಿದ್ದೇವೆ.

ಅತ್ತೆಯ ತಾಯಿ, ಅಂದರೆ ನನ್ನ ಅಜ್ಜಿ ಲೆಮೋಕ್, ತುವಾಕ್ ಹಾಕುವುದರಲ್ಲಿ ಹೊಳೆಯ ಆಚೆ ದಡಕ್ಕೂ ಹೆಸರಾದವಳು. ಅವಳ ಕೋಣೆಯ ಮೂಲೆಯಲ್ಲಿ ಅವಳ ಅಜ್ಜಿಯ ಕಾಲದ ಕಂದು ಜಾಡಿಯಿದೆ. ಅದರ ಹೊಟ್ಟೆಯ ಸುತ್ತ ಘಟಸರ್ಪವೊಂದು ಸುತ್ತಿಕೊಂಡಿದೆ. ಅತ್ತೆ ಆ ಕೋಣೆಯಲ್ಲೇ ಹುಟ್ಟಿ ಅಲ್ಲೇ ಉಳಿದ ಮಗಳು. ಗಂಡ ತೀರಿಕೊಂಡ ಮೇಲೂ ತಾಯಿಯನ್ನು ನೋಡಿಕೊಂಡವಳು. ಆದರೂ ಜಾಡಿ ತುಂಬುವ ದಿನ ಬಂದರೆ ಅಜ್ಜಿ ಅವಳನ್ನು ಹೊರಗೆ ಕಳಿಸಿ, ಪಕ್ಕದ ಬಾಗಿಲಿನ ಹಿರಿಸೊಸೆಯನ್ನು ಕರೆಯುತ್ತಿದ್ದಳು. ಆ ಹಿರಿಸೊಸೆಯೇ ನನ್ನಮ್ಮ. ಇಲ್ಲಿ ಯಾರೂ ಅವಳ ಹೆಸರು ಹಿಡಿದು ಕರೆಯುವುದಿಲ್ಲ. ನಾನು ಜೆಲಿಯಾ, ಹಾಗಾಗಿ ಅವಳು 'ಜೆಲಿಯಾ ಅಮ್ಮ'.

ಅಷ್ಟೇ ಅಲ್ಲ, ಅಜ್ಜಿ ಮಗಳ ಕೈಯ ಚಹಾವನ್ನೂ ಮುಟ್ಟುತ್ತಿರಲಿಲ್ಲ. "ಎಲೆ ಬೇಯ್ಸಿದ ನೀರಿಗೆ ಐಸ್ ಹಾಕ್ಕೊಂಡು ಕುಡಿಯೋಕೆ ನನಗೇನು ಜ್ವರ ಬಂದಿದ್ಯಾ?" ಎನ್ನುತ್ತಿದ್ದಳು.

ಈ ವರ್ಷ ಅಜ್ಜಿಯ ಕೈ ನಡುಗತೊಡಗಿತು. ಗವಾಯ್ ಸುಗ್ಗಿಹಬ್ಬ ಹತ್ತಿರ ಬಂದಿತ್ತು. ತಗಡಿನ ಮಾಡು ಕಾದು ಟಣ್ ಟಣ್ ಎನ್ನುವಂಥ ಬಿಸಿಲು. ಒಂದು ಸಂಜೆ ಎಲ್ಲ ಬಾಗಿಲುಗಳ ಮುಂದೆ ಹಾದುಹೋಗುವ ನಮ್ಮ ಉದ್ದ ಜಗಲಿಯಲ್ಲಿ ಅಜ್ಜಿ ಇಬ್ಬರನ್ನೂ ಕೂರಿಸಿಕೊಂಡಳು. ಮಗಳು, ಸೊಸೆ ಇಬ್ಬರೂ ಅವಳನ್ನು ಕರೆಯುವುದು 'ಇಂದಾಯ್', ಅಮ್ಮ ಎಂದೇ.

"ಈ ಸಲ ಜಾಡಿ ನನ್ನ ಕೈಲಾಗಲ್ಲ," ಎಂದಳು ಅಜ್ಜಿ.

ನನ್ನಮ್ಮ ಆಗಲೇ ತೋಳು ಮಡಿಸಿದಳು. "ನಾನಿದೀನಲ್ಲ ಇಂದಾಯ್."

"ನಿನ್ನ ಬಾಗಿಲಿಗೆ ನಿನ್ನ ಜಾಡಿ ಇದೆ. ಈ ಬಾಗಿಲಿಗೆ ಇವಳು ಹಾಕ್ಲಿ."

ಅತ್ತೆ ಬೆಚ್ಚಿಬಿದ್ದಳು. "ನಾನಾ? ಈ ಕೈಲಾ?"

"ಬೇರೆ ಕೈ ಇಟ್ಕೊಂಡಿದ್ರೆ ತೋರ್ಸು, ಅದ್ರಲ್ಲಿ ಹಾಕು." ಅಜ್ಜಿ ಅಡಿಕೆ ಉಗಿದು ಬಾಯಿ ಒರೆಸಿಕೊಂಡಳು. "ಆದ್ರೆ ಒಂದು ಮಾತು. ಹಬ್ಬದ ದಿನ ನಮ್ಮ ಬಾಗಿಲಲ್ಲಿ ನಿಂತೋರು ಲೋಟ ಖಾಲಿ ಮಾಡಿ ಮುಂದೆ ಹೋಗ್ಬೇಕು. ಅರ್ಧ ಕುಡಿದು ಕೆಳಗಿಟ್ರೋ, ಜಾಡಿ ಜೆಲಿಯಾ ಅಮ್ಮನ ಕೋಣೆಗೆ ಹೋಗತ್ತೆ. ನಾನು ಬದುಕಿರೋವಾಗ್ಲೇ ಹೋಗತ್ತೆ."

ನನ್ನಮ್ಮ ನೆಲ ನೋಡಿದಳು. ಆ ಜಾಡಿ ಎಂದರೆ ಅವಳಿಗೆ ಆಸೆಯೇ. ನನಗೂ ಆಸೆಯೇ. ಜಾಡಿ ಬಂದರೆ ಅದು ನಾಳೆ ನನ್ನದಲ್ಲವೇ?

ಮಾರನೆಯ ದಿನವೇ ಅತ್ತೆ ಅಂಗಡಿಯ ನಿಂಬೆಹಣ್ಣನ್ನೆಲ್ಲ ಬುಟ್ಟಿ ಸಮೇತ ಪಕ್ಕದ ಮೀನಿನವಳಿಗೆ ಕೊಟ್ಟುಬಿಟ್ಟಳು. ಕಾಲೇಜು ಮುಗಿಸಿ ಮನೆಯಲ್ಲಿದ್ದ ನಾನು ಅವತ್ತು ಅಲ್ಲೇ ಕೂತು ಪುಕ್ಕಟೆ ಟೀ ಹೀರುತ್ತಿದ್ದೆ. ಬಸ್ ಡ್ರೈವರ್ ತಿಯೊಂಗ್ ಬಂದ. ಲೋಟ ನೋಡಿ ಹುಬ್ಬು ಏರಿಸಿದ.

"ನಿಂಬೆ ಎಲ್ಲಿ ಅಕ್ಕಾ?"

"ರಜಾ ಮೇಲೆ ಹೋಗಿದೆ."

"ನಿಂಬೆಗೂ ಹಬ್ಬದ ರಜಾನಾ?"

"ಬ್ರೇಕಿಲ್ದೆ ಬಸ್ ಓಡಿಸ್ತೀಯಲ್ಲ, ನಿಂಬೆ ಇಲ್ದೆ ಟೀ ಕುಡಿಯೋಕೆ ಏನು ಧಾಡಿ ನಿನಗೆ?"

ತಿಯೊಂಗ್ ಕುಡಿದ. ಆದರೆ ಮರುದಿನದಿಂದ ಎದುರಿನ ಅಂಗಡಿಗೆ ಹೋದ. ಅವನ ಹಿಂದೆ ಇನ್ನೂ ಹಲವರು ಹೋದರು. ಅತ್ತೆ ಉಗುರನ್ನು ಬುಡದವರೆಗೆ ಕತ್ತರಿಸಿದಳು, ಬೂದಿ ಹಾಕಿ ಕೈ ಉಜ್ಜಿದಳು, ಆಮೇಲೆ ತಾಯಿಯ ಕಣ್ಣೆದುರು ಅಂಟಕ್ಕಿ ಬೇಯಿಸಿ ಜಾಡಿ ತುಂಬಿದಳು. ಅಕ್ಕಿ ಚೆನ್ನಾಗಿ ಆರಿತ್ತು, ಬಿಲ್ಲೆ ಒಳ್ಳೆಯದಿತ್ತು. ಅಜ್ಜಿ ಚಾಪೆಯ ಮೇಲೆ ಕೂತು ನೋಡಿದಳು. ಒಂದು ತಪ್ಪೂ ಸಿಗಲಿಲ್ಲವೆಂದು ಅವಳಿಗೇ ಸ್ವಲ್ಪ ಬೇಜಾರಾದಂತಿತ್ತು.

ಅಷ್ಟಕ್ಕೆ ಬಿಟ್ಟಿದ್ದರೆ ಮುಗಿದಿತ್ತು. ಆದರೆ ಅತ್ತೆಗೆ ಜೀವ ತಡೆಯಲಿಲ್ಲ. ಅಂಗಡಿಯಿಂದ ಬಂದವಳು ಸೀದಾ ಮೂಲೆಗೆ ಹೋಗಿ ಮುಚ್ಚಳ ಎತ್ತುವಳು.

"ಜೆಲಿಯಾ, ಬಾರೇ ಇಲ್ಲಿ. ಮೂಸು. ಹುಳಿ ವಾಸನೆ ಬರ್ತಿದ್ಯಾ?"

"ನಿನ್ನ ಕೈ ಆಚೆ ಇಡು ಅತ್ತೆ, ಆಮೇಲೆ ಹೇಳ್ತೀನಿ."

"ತಮಾಷೆ ಬೇಡ. ನಿಜ ಹೇಳು."

"ಇಲ್ಲ. ಸಿಹಿ ಇದೆ. ಮುಚ್ಚು."

ಮುಚ್ಚುವಳು. ಮರುದಿನ ಸಂಜೆ ಮತ್ತೆ ಅದೇ ಟಕ್ ಎಂಬ ಸದ್ದು, ಮತ್ತೆ ಅದೇ ಪ್ರಶ್ನೆ. ಹುದುಗೆದ್ದ ಅಕ್ಕಿಗೆ ಸಕ್ಕರೆ ಪಾಕ ಹಾಕಿದ ಮೇಲೂ ಅದೇ. ಹಲಗೆಯ ಅಡ್ಡಗೋಡೆಯ ಆಚೆ ಅಜ್ಜಿ ಮಲಗಿರುತ್ತಿದ್ದಳು. ಒಂದು ಸಲವೂ ಕೆಮ್ಮಲಿಲ್ಲ.

ಹಬ್ಬದ ಹಿಂದಿನ ಬೆಳಿಗ್ಗೆ ಅತ್ತೆ ಸೌಟು ಇಳಿಸಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ನಾನೂ ಕುಡಿದೆ. ಕೆಟ್ಟಿರಲಿಲ್ಲ, ಅಮಲಿತ್ತು, ಘಮವಿತ್ತು. ಆದರೆ ಹಲ್ಲು ಚುಳ್ ಎನ್ನುವಷ್ಟು ಹುಳಿ.

ನನ್ನಮ್ಮ ವಾಸನೆ ಹಿಡಿದು ಬಂದಳು. ಬೆರಳದ್ದಿ ನೆಕ್ಕಿದಳು. "ಅಯ್ಯೋ ದೇವರೇ, ಇದನ್ನ ಮೀನು ಸಾರಿಗೆ ಬಿಟ್ರೆ ಹುಣಸೆಹಣ್ಣು ಉಳಿಯತ್ತೆ!" ಆಮೇಲೆ ಅತ್ತೆಯ ಕಣ್ಣು ನೋಡಿ ದನಿ ತಗ್ಗಿಸಿದಳು. "ನೋಡು ಸವಾಯ್, ನನ್ನ ಜಾಡಿ ಭರ್ತಿ ಇದೆ. ಅರ್ಧ ಬಗ್ಗಿಸ್ಕೊ. ಯಾರಿಗೂ ಹೇಳಲ್ಲ."

ಜಾಡಿ ತನ್ನ ಕೋಣೆಗೆ ಬರಲಿ ಎಂದು ವರ್ಷಗಟ್ಟಲೆ ಕಾದವಳ ಬಾಯಿಂದ ಈ ಮಾತು. ನನ್ನಮ್ಮನನ್ನು ನಾನು ಅವತ್ತು ಹೊಸದಾಗಿ ನೋಡಿದೆ.

ಅತ್ತೆ ತಲೆ ಅಲ್ಲಾಡಿಸಿದಳು. "ನಿನ್ನದನ್ನ ಕುಡಿಸಿ ಈ ಜಾಡಿ ಉಳಿಸ್ಕೊಂಡ್ರೆ, ಬರೋ ವರ್ಷ ಇದ್ರೊಳಗೆ ಏನು ಹಾಕ್ಲಿ? ಸುಳ್ಳು ಬೇಯ್ಸಿ ಹಾಕ್ಲಾ?"

"ಹಾಗಿದ್ರೆ ನಾಳೆ ಏನ್ಮಾಡ್ತೀಯಾ?"

ಅತ್ತೆ ಗೋಡೆಗೆ ಒರಗಿ ಕೂತಳು. ಆಮೇಲೆ ಇನ್ನೊಂದು ಗುಟುಕು ತೆಗೆದುಕೊಂಡಳು. ಈ ಸಲ ತಾಯಿಗೆ ಹೆದರುವ ಮಗಳ ಹಾಗೆ ಕುಡಿಯಲಿಲ್ಲ. ಅಂಗಡಿಯಲ್ಲಿ ಹೊಸ ಚಹಾಪುಡಿ ಬಂದಾಗ ಕುಡಿಯುವ ಹಾಗೆ, ನಾಲಿಗೆಯ ಮೇಲೆ ಆಡಿಸಿ, ಕಣ್ಣು ಮುಚ್ಚಿ ಕುಡಿದಳು.

"ಜೆಲಿಯಾ, ಇದು ಯಾವ ಹುಳಿ ಹೇಳು."

"ಹುಳೀಲಿ ಯಾವುದು ಅಂತ ಇರತ್ತಾ ಅತ್ತೆ?"

"ಇರತ್ತೆ ಕಣೇ. ಇದು ನಿಂಬೆ ಹಿಂಡಿದ ಹುಳಿ. ಇಷ್ಟು ವರ್ಷ ಟೀಗೆ ನಾನು ಹೊರಗಿಂದ ಹಾಕ್ತಿದ್ದೆ. ಇದು ತಾನೇ ಮಾಡ್ಕೊಂಡು ಬಂದಿದೆ." ಅವಳು ಎದ್ದು ಸೆರಗಿನಂತೆ ಸುತ್ತಿದ್ದ ಬಟ್ಟೆಯನ್ನು ಬಿಗಿದು ಕಟ್ಟಿದಳು. "ನೀರಿಡು. ದೊಡ್ಡ ಪಾತ್ರೆ."

ಮೊದಲನೆಯ ಲೋಟ ಎಡವಟ್ಟಾಯಿತು. ಕೈ ರೂಢಿಯಂತೆ ಮೂರು ಪದರ ಮಾಡಲು ಹೋಗಿ ಹಾಲು ಬಿಟ್ಟಳು. ತುವಾಕ್ ತಾಗಿದ್ದೇ ತಡ, ಹಾಲು ಒಡೆದು ಲೋಟದ ತುಂಬ ಬಿಳಿ ಚೂರು ತೇಲಿದವು. ನನ್ನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಜ್ಜಿಗೆ ಅಂಗಡಿ ಯಾವಾಗ ಇಟ್ಟೆ ಸವಾಯ್?"

"ನಗು, ನಗು. ಹಲ್ಲು ಉದುರಿದ ಮೇಲೆ ಅದೇ ಕುಡೀಬೇಕು ನೀನು."

ಆಮೇಲೆ ಹಾಲನ್ನು ಕೈಬಿಟ್ಟಳು. ನೀಪಾ ಬೆಲ್ಲಕ್ಕೆ ಘಮದ ಪಂಡನ್ ಎಲೆ ಗಂಟು ಕಟ್ಟಿ ಹಾಕಿ, ಚಿಟಿಕೆ ಉಪ್ಪಿನ ಜೊತೆ ಎಳೆ ಬರುವ ತನಕ ಕಾಯಿಸಿದಳು. ಚಹಾವನ್ನು ಕಹಿಯಾಗುವ ಮೊದಲೇ ಇಳಿಸಿ, ಬಟ್ಟೆ ಚೀಲದಲ್ಲಿ ಸೋಸಿ, ಪೂರ್ತಿ ತಣಿಯಲು ಬಿಟ್ಟಳು. ನಾನು ಅವಸರ ಮಾಡಿದ್ದಕ್ಕೆ ಮೊಣಕೈಯಿಂದ ತಿವಿದಳು. "ಬಿಸಿ ಟೀ ಸುರಿದ್ರೆ ಐಸೂ ಹೋಗತ್ತೆ, ರುಚೀನೂ ಹೋಗತ್ತೆ. ತಡಿ." ಆಮೇಲೆ ಲೋಟದ ತಳಕ್ಕೆ ಬೆಲ್ಲ, ಅದರ ಮೇಲೆ ಕಂಠದವರೆಗೂ ಐಸ್, ಅರ್ಧದ ತನಕ ಹುಳಿ ತುವಾಕ್. ಕೊನೆಗೆ ಚಮಚವನ್ನು ಬೋರಲು ಹಿಡಿದು ಅದರ ಬೆನ್ನ ಮೇಲಿಂದ ಚಹಾ ಇಳಿಸಿದಳು. ಕೆಳಗೆ ಕಪ್ಪು, ನಡುವೆ ಮಂಜು, ಮೇಲೆ ಕೆಂಪು ನಿಂತಿತು. ಕಲಕಿ ನನಗೆ ಕೊಟ್ಟಳು.

ಮೊದಲು ಬೆಲ್ಲ ಬಂತು, ಹಿಂದೆಯೇ ಹುಳಿ ಬಂದು ಅದನ್ನು ಅಲ್ಲೇ ತಡೆಯಿತು, ಚಹಾದ ಒಗರು ಎರಡನ್ನೂ ಹಿಡಿದು ನಿಲ್ಲಿಸಿತು. ಅಮಲು ಆಮೇಲೆ ನಿಧಾನಕ್ಕೆ ಕಿವಿಯ ಹತ್ತಿರ ಬೆಚ್ಚಗಾಯಿತು. ನಾನು ಲೋಟ ಮುಂದೆ ಚಾಚಿದೆ. ನನ್ನಮ್ಮ ಅದನ್ನು ಕಸಿದುಕೊಂಡು ಕುಡಿದು, "ಐಸ್ ಸಾಕಾಗಲ್ಲ, ಪೇಟೆಗೆ ಯಾರನ್ನಾದ್ರೂ ಕಳ್ಸು," ಎಂದಳು. ಹೊಗಳಿಕೆ ಎಂದರೆ ಅವಳ ಬಾಯಲ್ಲಿ ಇಷ್ಟೇ.

ಹಬ್ಬದ ದಿನ ದೇವರ ಎಡೆಗೆ ಬೇಕಾದ ತುವಾಕ್ ಜಗಲಿಯ ನಡುವಿನ ಸಾಮೂಹಿಕ ಜಾಡಿಯಿಂದ ಆಯಿತು. ಮಧ್ಯಾಹ್ನ ಪಕ್ಕದ ಉದ್ದಮನೆಯ ನೆಂಟರು ಸಾಲಾಗಿ ಬಂದರು. ಮುಂದೆ ನಮ್ಮ ಉದ್ದಮನೆಯ ಯಜಮಾನ ಲಾನ್ಯಾವ್. ಪ್ರತಿ ಬಾಗಿಲಲ್ಲೂ ನಿಂತು, ಲೋಟ ಎತ್ತಿ, "ಊ-ಹಾ!" ಎಂದು ಕೂಗಿ, ಕುಡಿದು ಮುಂದೆ ಹೋಗಬೇಕು. ಅಜ್ಜಿಯ ಬಾಗಿಲು ಬರುವಷ್ಟರಲ್ಲಿ ಬೆಚ್ಚಗಿನ ಸಿಹಿ ತುವಾಕ್ ಕುಡಿದು ಕುಡಿದು ಎಲ್ಲರ ಅಂಗಿ ಬೆನ್ನಿಗೆ ಅಂಟಿತ್ತು. ಅಜ್ಜಿ ಬಾಗಿಲ ಪಕ್ಕ ಚಾಪೆಯ ಮೇಲೆ ಕೂತು ಲೋಟಗಳನ್ನೇ ನೋಡುತ್ತಿದ್ದಳು.

ಲಾನ್ಯಾವ್ ಲೋಟ ಬೆಳಕಿಗೆ ಹಿಡಿದ. "ಇದೇನಮ್ಮಾ ಸವಾಯ್, ಮಕ್ಕಳ ಶರಬತ್ತಾ?"

ಅತ್ತೆಯ ದನಿ ಜಗಲಿಯ ಆ ತುದಿಗೂ ಕೇಳಿಸಿತು. "ತುವಾಕೇ ಯಜಮಾನ್ರೇ. ಹುಳಿಯಾಗಿ ಹೋಯ್ತು. ಅದಕ್ಕೇ ಟೀ ಬೆರೆಸಿದೀನಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಲಾನ್ಯಾವ್ ಕುಡಿಯತೊಡಗಿದ. ನಡುವೆ ಲೋಟ ಇಳಿಸಿದ. ಅತ್ತೆಯ ಕೈ ನನ್ನ ತೋಳು ಹಿಂಡಿತು. ಅವನು ಉಸಿರು ತೆಗೆದುಕೊಳ್ಳಲು ಇಳಿಸಿದ್ದಷ್ಟೇ. ಮತ್ತೆ ಎತ್ತಿದ, ತಳದ ಬೆಲ್ಲವೂ ಬಾಯಿಗೆ ಬರುವಂತೆ ಬಗ್ಗಿಸಿದ, ಐಸ್ ಗಡಗಡ ಎಂದಿತು. "ಊ-ಹಾ!" ಎಂದು ಅವನು ಕೂಗಿದ್ದು ಕುಡಿದ ಮೇಲೆ. ಕುಡಿಯುವ ಮೊದಲು ಕೂಗಲು ಮರೆತೇ ಹೋಗಿದ್ದ.

ಆಮೇಲೆ ಸಾಲು ಮುಂದೆ ಹೋಗಲೊಲ್ಲದು. ಕುಡಿದವರು ಹಿಂದಕ್ಕೆ ಹೋಗಿ ಮತ್ತೆ ನಿಂತರು. ಪಕ್ಕದಿಂದ ನನ್ನಮ್ಮ ಕೂಗಿದಳು: "ಏಯ್, ಇಲ್ಲೂ ಒಂದು ಬಾಗಿಲಿದೆ! ನಾನೇನು ಕಂಬಾನಾ?"

ಸದ್ದು ತುಸು ಇಳಿದಾಗ ಅಜ್ಜಿ ಕೈ ಚಾಚಿದಳು. "ನನಗೂ ಒಂದು ಕೊಡು."

ಅತ್ತೆ ಎರಡು ಕೈಯಲ್ಲೂ ಹಿಡಿದು ಕೊಟ್ಟಳು. ಅಜ್ಜಿ ನಡುಗುವ ಕೈಯಲ್ಲೇ, ಯಾರ ಆಸರೆಯನ್ನೂ ಪಡೆಯದೆ, ನಿಧಾನವಾಗಿ ಕುಡಿದಳು.

"ದಿನಾ ಮುಚ್ಚಳ ತೆಗೀತಿದ್ದೆ," ಎಂದಳು.

ಅತ್ತೆ ತಲೆ ತಗ್ಗಿಸಿದಳು. "ಕೇಳಿಸ್ತಿತ್ತಾ ಇಂದಾಯ್?"

"ಕಿವಿ ಇನ್ನೂ ನಡುಗ್ತಿಲ್ಲ ನಂದು. ಗಾಳಿ ಒಳಗೆ ಹೋದ್ರೆ ಯಾರ ಜಾಡಿ ಆದ್ರೂ ಹುಳಿಯತ್ತೆ. ನನ್ನ ಮೊದಲನೇ ಜಾಡಿ ಹೀಗೇ ಆಯ್ತು. ಹಂದಿಗೆ ಸುರಿದೆ."

"ಮತ್ತೆ ನಿಂಬೆ? ಇಷ್ಟು ವರ್ಷ ನನ್ನನ್ನ ಹೊರಗೆ ಕಳಿಸಿದ್ದು?"

ಅಜ್ಜಿ ಐಸ್ ತುಂಡೊಂದನ್ನು ದವಡೆಗೆ ತಳ್ಳಿದಳು. "ನಮ್ಮಮ್ಮ ಹೇಳಿದ್ಲು, ನಾನೂ ಹೇಳ್ದೆ. ನಿಜಾನೋ ಸುಳ್ಳೋ ಅಂತ ನೋಡೋಕೆ ಒಂದು ಜಾಡಿ ಕಳ್ಕೋಬೇಕಿತ್ತು. ಅಷ್ಟು ಧೈರ್ಯ ನನಗೆ ಬರ್ಲಿಲ್ಲ."

ಹಬ್ಬದ ಗದ್ದಲದಲ್ಲಿ ಈ ಮಾತು ಕೇಳಿದ್ದು ಅತ್ತೆ, ನಾನು ಇಬ್ಬರೇ. ಅತ್ತೆ ಖಾಲಿ ಲೋಟ ತೆಗೆದುಕೊಳ್ಳಲು ಬಗ್ಗಿದಳು. ಅಜ್ಜಿ ಲೋಟ ಬಿಡದೆ ಮಗಳ ಕೈಯನ್ನೇ ಹಿಡಿದು ಮೂಗಿನ ಹತ್ತಿರ ತಂದಳು.

"ಇನ್ನೂ ಹೋಗಿಲ್ಲ ಈ ಹಾಳು ನಿಂಬೆ," ಎಂದಳು. "ಹೋಗು, ನಾಳೆಯಿಂದ ಮತ್ತೆ ಹಿಂಡು. ಜಾಡಿ ಇಲ್ಲೇ ಇರತ್ತೆ. ಬರೋ ವರ್ಷ ನೀನು ತುಂಬು, ಮುಚ್ಚಳದ ಮೇಲೆ ನಾನೇ ಕೂರ್ತೀನಿ."