ನೊರೆ ಬಾರದ ಬಾಟಲಿ

ಆ ಪ್ರಯೋಗಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಬಫರಕ್ಕ. ಉಪ್ಪು, ಆಮ್ಲ, ಕ್ಷಾರಗಳನ್ನು ಹದವಾಗಿ ಬೆರೆಸಿದ ನೀರಿಗೆ ಅಲ್ಲಿ ಬಫರ್ ಅನ್ನುತ್ತಾರೆ. ಪ್ರೋಟೀನು ಕೆಡದೆ ಉಳಿಯಬೇಕಾದರೆ ಅದರಲ್ಲೇ ಇರಬೇಕು. ಆ ನೀರು ಬೆರೆಸುವುದೇ ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ. ಗಾಜು ತೊಳೆಯಲು ಸೇರಿಕೊಂಡವಳು ನೋಡಿ ನೋಡಿ ಕಲಿತು, ಓದಿದವರ ಕೆಲಸಕ್ಕೆ ಕೈ ಹಾಕಿ, ಓದಿದವರಿಗಿಂತ ಚೆನ್ನಾಗಿಯೇ ಮಾಡಿದಳು. ಸಂಶೋಧನೆಗೆ ಬಂದವರು ತಾವೇ ಬೆರೆಸಿದ್ದನ್ನು ಎರಡೆರಡು ಸಲ ಅಳೆದು ನೋಡುತ್ತಿದ್ದರು. ಬಫರಕ್ಕನ ಬಾಟಲಿಯನ್ನು ಮಾತ್ರ ಕಣ್ಣು ಮುಚ್ಚಿ ಸುರಿದುಕೊಳ್ಳುತ್ತಿದ್ದರು. ಇದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಅನ್ನುವುದು ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಅವಳ ನಿಜವಾದ ಕೈಚಳಕ ಇದ್ದದ್ದು ಡಿಟರ್ಜೆಂಟಿನಲ್ಲಿ. ಬಟ್ಟೆ ಒಗೆಯುವ ಪುಡಿಯ ಮಾತಲ್ಲ. ಜೀವಕೋಶದ ಸುತ್ತ ಕೊಬ್ಬಿನದೊಂದು ಪೊರೆ ಇರುತ್ತದೆ, ಆ ಪೊರೆಯೊಳಗೆ ಹೂತು ಕೂತ ಪ್ರೋಟೀನನ್ನು ಹೊರಗೆ ತೆಗೆಯಬೇಕು. ಬಿರುಸಿನ ಡಿಟರ್ಜೆಂಟ್ ಹಾಕಿದರೆ ಪೊರೆಯೂ ಹೋಯಿತು, ಪ್ರೋಟೀನಿನ ಆಕಾರವೂ ಹೋಯಿತು. ಅದಕ್ಕೇ ಧನವೂ ಅಲ್ಲದ ಋಣವೂ ಅಲ್ಲದ, ವಿದ್ಯುದಂಶವೇ ಇಲ್ಲದ ಮೆತ್ತನೆಯ ಜಾತಿಯೊಂದಿದೆ. ನಾನ್‌ಅಯಾನಿಕ್ ಅಂತ ಪುಸ್ತಕದ ಹೆಸರು. ಬಫರಕ್ಕ ಅದಕ್ಕೆ ‘ಸಾಧು ಸೋಪು’ ಅನ್ನುತ್ತಿದ್ದಳು. ನಿದ್ದೆ ಹೋದ ಕೂಸನ್ನು ಒಂದು ಮಡಿಲಿಂದ ಇನ್ನೊಂದು ಮಡಿಲಿಗೆ ದಾಟಿಸಿದ ಹಾಗೆ ಅದು ಪ್ರೋಟೀನನ್ನು ಪೊರೆಯಿಂದ ನೀರಿಗೆ ದಾಟಿಸುತ್ತದೆ.

ಆದರೆ ಆ ಸಾಧು ಬಾಟಲಿಯಲ್ಲಿ ಜೇನಿನಷ್ಟು ಮಂದ. ಆತುರಪಟ್ಟು, ಅಳೆದು ಹೀರುವ ಪಿಪೆಟ್ಟಿನಲ್ಲಿ ಎಳೆದರೆ ಅರ್ಧ ಅದರ ಗೋಡೆಗೇ ಅಂಟಿಕೊಳ್ಳುತ್ತದೆ. ಬಫರಕ್ಕ ಪಿಪೆಟ್ಟಿನ ಪ್ಲಾಸ್ಟಿಕ್ ತುದಿಯನ್ನು ಕತ್ತರಿಯಿಂದ ಕತ್ತರಿಸಿ ಬಾಯಿ ಅಗಲ ಮಾಡಿಕೊಂಡು, ಮೆಲ್ಲಗೆ ಎಳೆದು, ಇಪ್ಪತ್ತು ಎಣಿಸಿ, ಮೆಲ್ಲಗೆ ಬಿಡುತ್ತಿದ್ದಳು. ಹಾಕಿದೆವೋ ಇಲ್ಲವೋ ಅಂತ ಅನುಮಾನ ಬಂದರೆ ಅದಕ್ಕೂ ಅವಳಲ್ಲಿ ಸುಲಭದ ದಾರಿಯಿತ್ತು. ಬಾಟಲಿ ಅಲ್ಲಾಡಿಸು, ನೊರೆ ಎದ್ದರೆ ಇದೆ, ಏಳದಿದ್ದರೆ ಇಲ್ಲ. ಪ್ರೋಟೀನಿರುವ ಬಾಟಲಿಯನ್ನು ಮಾತ್ರ ಅಲ್ಲಾಡಿಸಕೂಡದು, ನೊರೆಗೆ ಸಿಕ್ಕಿದ ಪ್ರೋಟೀನು ಕೆಟ್ಟುಹೋಗುತ್ತದೆ.

“ಯಾರ ಬಾಟ್ಲೀನೂ ನಂಬಬೇಡ. ಅಲ್ಲಾಡ್ಸಿ ನೋಡಿ ತಗೋ,” ಅಂತ ಅವಳು ಕಲಿಸಿದ್ದು ತನ್ನ ಓರಗಿತ್ತಿಗೆ.

ಓರಗಿತ್ತಿ ಅಂದರೆ ಮೈದುನನ ಹೆಂಡತಿ. ಒಂದೇ ಮನೆ, ಮೇಲಿನ ಮಹಡಿ ಅವರದು, ಕೆಳಗಿನದು ಇವರದು. ಎರಡು ಮಕ್ಕಳಾದ ಮೇಲೆ ರಸಾಯನಶಾಸ್ತ್ರದ ಪದವಿ ಮುಗಿಸಿ, ಕೆಲಸವಿಲ್ಲದೆ ಕೂತಿದ್ದವಳು. ಅವಳನ್ನು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಹತ್ತಿರ ಕರೆದುಕೊಂಡು ಹೋಗಿ, “ನಮ್ಮನೆಯವಳೇ, ಕೈ ಶುದ್ಧ,” ಎಂದು ಹೇಳಿದ್ದು ಬಫರಕ್ಕನೇ. ಬೀದೀಲಿ ಹೋಗೋ ಮಾರಿಯನ್ನು ಮನೆಗೆ ಬಾ ಅಂದ ಹಾಗಾಯಿತು ಅಂತ ಆಮೇಲೆ ಎಷ್ಟು ಸಲ ತನ್ನ ಹಣೆ ಬಡಿದುಕೊಂಡಳೋ. ಬಂದ ಎರಡನೇ ವರ್ಷಕ್ಕೇ ಓರಗಿತ್ತಿ ಮೇಡಂ ಜೊತೆ ಕೂತು ಇಂಗ್ಲಿಷಿನಲ್ಲಿ ಓದುತ್ತಿದ್ದಳು. ಬಫರಕ್ಕ ಕತ್ತರಿಸಿದ ತುದಿಯಲ್ಲಿ ಸೋಪು ಎಳೆಯುವುದನ್ನು ಕಲಿಸಿದ್ದಳು. ಓರಗಿತ್ತಿ ಮೊದಲೇ ನೀರು ಬೆರೆಸಿ ಹತ್ತು ಪಾಲಿಗೆ ಒಂದು ಪಾಲಿನಂತೆ ತೆಳ್ಳಗೆ ಮಾಡಿಟ್ಟುಕೊಂಡರೆ ಎಳೆಯುವ ಕಷ್ಟವೇ ಇಲ್ಲವಲ್ಲ ಅಂದಳು. ಮೇಡಂ ಹೌದು ಅಂದರು. ಗುರುವಿಗೇ ತಿರುಮಂತ್ರ! ಮನೆಯಲ್ಲೂ ಅತ್ತೆಯ ಬಾಯಲ್ಲಿ ಹೊತ್ತುಗೊತ್ತಿಲ್ಲದೆ ಅದೇ ಮಾತು: “ಚಿಕ್ಕವಳು ಚುರುಕು.” ಚಿಕ್ಕವಳು ಚುರುಕಾದರೆ ದೊಡ್ಡವಳು ಏನು ಅಂತ ಅತ್ತೆ ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬಫರಕ್ಕನ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ, ಹೊಟ್ಟೆಕಿಚ್ಚೇ.

ಇದಕ್ಕೆಲ್ಲ ತುಪ್ಪ ಸುರಿದದ್ದು ಕೋಲ್ಡ್ ರೂಮಿನ ಬೀಗದ ಕೈ. ಕೋಲ್ಡ್ ರೂಮ್ ಅಂದರೆ ಕೋಣೆಗೆ ಕೋಣೆಯೇ ಫ್ರಿಜ್ಜು. ಸ್ವೆಟರ್ ಹಾಕಿಕೊಂಡು ಒಳಗೆ ಹೋಗಬೇಕು. ಪ್ರೋಟೀನು ತೆಗೆಯುವ ಕೆಲಸವೆಲ್ಲ ಅಲ್ಲಿಯೇ. ಅದರ ಬೀಗದ ಕೈ ಯಾರ ಹತ್ತಿರವೋ ಅವರೇ ಪ್ರಯೋಗಾಲಯದ ಹಿರಿಯರು. ಅದನ್ನು ಇಟ್ಟುಕೊಂಡಿದ್ದ ಮುದುಕರು ಆ ತಿಂಗಳು ನಿವೃತ್ತರಾಗುವವರಿದ್ದರು. ಬೀಗದ ಕೈ ಯಾರಿಗೆ ಅನ್ನುವುದನ್ನು ಶುಕ್ರವಾರದ ಸಭೆಯಲ್ಲಿ ಹೇಳುತ್ತೇನೆ ಅಂದಿದ್ದರು ಮೇಡಂ. ಹತ್ತೊಂಬತ್ತು ವರ್ಷದಿಂದ ಬಫರಕ್ಕ ಆ ಬೀಗದ ಕೈಯ ಮೇಲೆ ಕಣ್ಣಿಟ್ಟಿದ್ದಳು.

ಸೋಮವಾರ ಬೆಳಿಗ್ಗೆ ಬಫರಕ್ಕ ಎಂದಿನಂತೆ ಜೋಡಿ ಬಾಟಲಿ ತುಂಬಲು ನಿಂತಳು. ಒಂದು, ಪ್ರೋಟೀನು ತೆಗೆಯುವುದಕ್ಕೆ. ಇನ್ನೊಂದು, ಬ್ಲ್ಯಾಂಕ್. ಪ್ರೋಟೀನು ಎಷ್ಟಿದೆ ಅಂತ ನೋಡಲು ಅದರ ಮೂಲಕ ಒಂದು ಬಗೆಯ ಬೆಳಕು ಹಾಯಿಸುತ್ತಾರೆ; ಬೆಳಕು ಎಷ್ಟು ನುಂಗಿಹೋಯಿತೋ ಅಷ್ಟು ಪ್ರೋಟೀನು ಅಂತ ಲೆಕ್ಕ. ಆದರೆ ಈ ಸಾಧು ಸೋಪೂ ಅದೇ ಬೆಳಕನ್ನು ನುಂಗುತ್ತದೆ. ಹಾಗಾಗಿ ಅಷ್ಟೇ ಸೋಪು ಹಾಕಿದ, ಪ್ರೋಟೀನಿಲ್ಲದ ನೀರನ್ನು ಮೊದಲು ತೋರಿಸಿ, ‘ಇದನ್ನು ಸೊನ್ನೆ ಅಂದುಕೋ’ ಅಂತ ಯಂತ್ರಕ್ಕೆ ಹೇಳಬೇಕು. ಆ ನೀರೇ ಬ್ಲ್ಯಾಂಕ್.

ಮೊದಲ ಬಾಟಲಿಗೆ ಸೋಪು ಹಾಕಿ, ಎರಡನೆಯದರ ಮುಚ್ಚಳ ತೆಗೆದಿದ್ದಳು. ಗಾಜಿನ ಬಾಗಿಲಾಚೆ ಮೇಡಂ ನಕ್ಕರು. ಓರಗಿತ್ತಿಯೂ ನಕ್ಕಳು. ಮುದುಕರು ಸೊಂಟದ ಬೀಗದ ಕೈ ಬಿಚ್ಚಿ ಓರಗಿತ್ತಿಗೆ ತೋರಿಸಿ ಏನೋ ಹೇಳುತ್ತಿದ್ದರು. ಬಫರಕ್ಕನ ಕಣ್ಣಿಗೆ ಖಾರ ಎರಚಿದ ಹಾಗಾಯಿತು. ಅಷ್ಟರಲ್ಲೇ ಎಲ್ಲ ಮಾತಾಡಿ ಮುಗಿಸಿಬಿಟ್ಟರೇ? ಅವಳು ಮುಚ್ಚಳ ಬಿಗಿದಳು, ಹೆಸರು ಬರೆದ ಪಟ್ಟಿ ಅಂಟಿಸಿದಳು, ಎರಡೂ ಬಾಟಲಿಗಳನ್ನು ತಂದು ಓರಗಿತ್ತಿಯ ಮೇಜಿನ ಮೇಲೆ ಕುಕ್ಕಿ ಹೋದಳು.

ಸಂಜೆ ಪ್ರಯೋಗಾಲಯವೇ ಕುಣಿಯಿತು. ಎಂದೂ ಎರಡು ಮಿಲಿಗ್ರಾಂ ದಾಟದಿದ್ದ ಪ್ರೋಟೀನು ಓರಗಿತ್ತಿಯ ಕೈಯಲ್ಲಿ ಹದಿನೆಂಟು ಬಂದಿತ್ತು! ಮೇಡಂ ಅವಳ ಬೆನ್ನು ತಟ್ಟಿದರು. ಬಣ್ಣ ಬರಿಸಿ ಇನ್ನೊಂದು ಬಗೆಯಲ್ಲಿ ಅಳೆಯುವುದುಂಟು, ಅದಕ್ಕೆ ಯಾರಿಗೂ ತಾಳ್ಮೆಯಿರಲಿಲ್ಲ. ಬೇಕು ಬೇಕು ಅಂದುಕೊಂಡಿದ್ದು ಎದುರಿಗೆ ಬಂದಾಗ ಓದಿದವರ ಬುದ್ಧಿಗೂ ಮಂಕು ಕವಿಯುತ್ತದೆ.

ಬಫರಕ್ಕನ ಬುದ್ಧಿಗೆ ಮಂಕು ಕವಿದಿರಲಿಲ್ಲ. ಹದಿನೆಂಟು ಬರಲು ಸಾಧ್ಯವೇ ಇಲ್ಲ ಅಂತ ಅವಳಿಗೆ ಗೊತ್ತು. ಮಂಗಳವಾರ ಎಲ್ಲರಿಗಿಂತ ಮುಂಚೆ ಬಂದು ಯಂತ್ರದ ಪಕ್ಕ ನೋಡಿದಳು. ಓರಗಿತ್ತಿ ಬ್ಲ್ಯಾಂಕ್ ಅಂತ ಬರೆದು ಮುಚ್ಚಿಟ್ಟ ಪುಟ್ಟ ಗಾಜಿನ ಕೊಳವೆ ಅಲ್ಲೇ ಇತ್ತು. ಅಲ್ಲಾಡಿಸಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಸೋಪಿಲ್ಲದ ಬರೀ ಬಫರ್! ಯಾವುದೋ ಬಾಟಲಿಯಿಂದ ಯಾವುದನ್ನೋ ಬಗ್ಗಿಸಿಕೊಂಡಿದ್ದಾಳೆ ಜಾಣೆ. ಆ ಹದಿನೆಂಟರಲ್ಲಿ ಹದಿನಾರು ಪಾಲು ಸೋಪು. ಕೊಳವೆಯನ್ನು ಏಪ್ರನ್ನಿನ ಜೇಬಿಗೆ ಇಳಿಬಿಟ್ಟಾಗ ಬಫರಕ್ಕನ ಎದೆ ಎಷ್ಟೋ ತಿಂಗಳ ಮೇಲೆ ಹಗುರಾಯಿತು. ಈಗಲೇ ಹೇಳಿದರೆ ಸಣ್ಣ ತಪ್ಪು, ತಿದ್ದಿಕೊಂಡು ಸುಮ್ಮನಾಗುತ್ತಾರೆ. ಶುಕ್ರವಾರ ಹತ್ತು ಜನರ ಮುಂದೆ ಹೇಳಬೇಕು.

ಬುಧವಾರ ಸಂಜೆ ಓರಗಿತ್ತಿ ಮಹಡಿ ಇಳಿದು ಬಂದಳು. ಬಫರಕ್ಕ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಬಂದವಳು ಕೂತು ತಾನೂ ಒಂದು ಟವೆಲು ತೆಗೆದುಕೊಂಡಳು.

“ಅಕ್ಕಾ, ಯಾಕೋ ಭಯ ಆಗ್ತಿದೆ. ಅಷ್ಟೊಂದು ಬರುತ್ತಾ? ನೀವೇ ಒಂದ್ಸಲ ನೋಡ್ಬಿಡಿ.”

“ನಾನೇನು ನೋಡೋದು? ಯಂತ್ರ ಸುಳ್ಳು ಹೇಳುತ್ತಾ?”

“ನೀವು ಸರಿ ಅಂದ್ರೆ ಸರಿ. ನಂಗೆ ಧೈರ್ಯ.”

“ಧೈರ್ಯವಾಗಿರು ಹೋಗು,” ಅಂದಳು ಬಫರಕ್ಕ, ಕೈಯಲ್ಲಿದ್ದ ಅಂಗಿಯಿಂದ ಕಣ್ಣೆತ್ತದೆ. ಗುರುವಾರ ಮೇಡಂ ಪ್ರೋಟೀನಿನ ಆಕಾರ ನೋಡುವ ದೊಡ್ಡ ಯಂತ್ರವಿದ್ದ ದೂರದೂರಿನ ಕೇಂದ್ರಕ್ಕೆ ಬರೆದು, ನಮ್ಮಲ್ಲಿ ಇಷ್ಟು ಪ್ರೋಟೀನಿದೆ, ಕಳಿಸುತ್ತೇವೆ ಎಂದು ದಿನ ಗೊತ್ತುಮಾಡಿಕೊಂಡರು. ಅದು ಕಿವಿಗೆ ಬಿದ್ದಾಗ ಬಫರಕ್ಕನಿಗೆ ಒಮ್ಮೆ ಕಸಿವಿಸಿಯಾಯಿತು. ಆಗಲೂ ಹೇಳಲಿಲ್ಲ.

ಶುಕ್ರವಾರದ ಸಭೆಯಲ್ಲಿ ಬೀಗದ ಕೈ ಮೇಡಂ ಮುಂದೆ ಮೇಜಿನ ಮೇಲಿತ್ತು. ಅವರು ಮಾತು ಶುರುಮಾಡುವ ಮುಂಚೆಯೇ ಬಫರಕ್ಕ ಎದ್ದು ನಿಂತಳು.

“ಒಂದ್ನಿಮಿಷ ಮೇಡಂ. ಆ ಹದಿನೆಂಟು ಸುಳ್ಳು. ಇದು ಇವ್ಳು ಇಟ್ಟ ಬ್ಲ್ಯಾಂಕು. ನೋಡಿ.” ಕೊಳವೆಯನ್ನು ಎತ್ತಿ ಹಿಡಿದು ಅಲ್ಲಾಡಿಸಿದಳು. “ನೊರೆ ಇದೆಯಾ? ಸೋಪೇ ಇಲ್ಲ. ಯಾವ ನೀರು ತಗೊಂಡ್ಳೋ ಅವ್ಳಿಗೇ ಗೊತ್ತು.”

ಮೇಡಂ ಕೊಳವೆ ತೆಗೆದುಕೊಂಡು ತಾವೂ ಅಲ್ಲಾಡಿಸಿದರು. “ಇದನ್ನ ಯಾವ ಬಾಟ್ಲಿಯಿಂದ ತಗೊಂಡೆಯಮ್ಮಾ?”

ಓರಗಿತ್ತಿ ಎದ್ದು ಹೊರಗೆ ಹೋದಳು. ಬಾಟಲಿ ಹಿಡಿದು ಬಂದಳು. ಮೇಜಿನ ಮೇಲೆ ಇಟ್ಟಾಗ ಪಟ್ಟಿ ಎಲ್ಲರಿಗೂ ಕಾಣಿಸಿತು. ‘ಬ್ಲ್ಯಾಂಕ್, ಸೋಪು ಹಾಕಿದೆ.’ ಸೋಮವಾರದ ತಾರೀಖು. ದುಂಡನೆಯ, ಎಲ್ಲರೂ ಬಲ್ಲ ಅಕ್ಷರ. ಮೇಡಂ ಬಾಟಲಿ ಅಲ್ಲಾಡಿಸಿದರು. ನೀರು ಕುಲುಕಿ ಸುಮ್ಮನಾಯಿತು.

ಬಫರಕ್ಕನಿಗೆ ತೆಗೆದಿದ್ದ ಮುಚ್ಚಳ ನೆನಪಾಯಿತು, ಗಾಜಿನ ಬಾಗಿಲಾಚೆಯ ನಗು ನೆನಪಾಯಿತು. ಸೋಪು ಎಳೆದದ್ದು, ಇಪ್ಪತ್ತು ಎಣಿಸಿದ್ದು ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

“ನೀನಾದ್ರೂ ಅಲ್ಲಾಡ್ಸಿ ನೋಡ್ಬಾರ್ದಿತ್ತಾ?” ಮೇಡಂ ಓರಗಿತ್ತಿಯನ್ನು ಕೇಳಿದರು.

“ಬೇರೆಯವ್ರದ್ದೆಲ್ಲ ಅಲ್ಲಾಡ್ಸಿ ನೋಡ್ತೀನಿ ಮೇಡಂ. ಇದು ಅಕ್ಕ ತುಂಬಿದ್ದಲ್ವಾ, ಅದಕ್ಕೇ ನೋಡ್ಲಿಲ್ಲ.”

ಅವಳು ಚುಚ್ಚಿ ಆಡಿದ ಮಾತಾಗಿದ್ದರೆ ಬಫರಕ್ಕ ತಡೆದುಕೊಳ್ಳುತ್ತಿದ್ದಳು. ಅದು ಚುಚ್ಚು ಮಾತಾಗಿರಲಿಲ್ಲ.

ಮೇಡಂ ಬಫರಕ್ಕನತ್ತ ತಿರುಗಿ ಕೇಳಿದರು: “ಈ ಕೊಳವೆ ನಿಮ್ಗೆ ಯಾವಾಗ ಸಿಕ್ತು?”

“ಮಂಗಳವಾರ,” ಅಂದಳು ಬಫರಕ್ಕ.

“ಸೋಪು ಹಾಕೋದು ಮರೆಯೋದು ಯಾರಿಗಾದ್ರೂ ಆಗುತ್ತೆ. ನಂಗೂ ಆಗಿದೆ. ಮೂರು ದಿನ ಯಾಕೆ ಸುಮ್ನಿದ್ರಿ?”

ಇದಕ್ಕೆ ಅಲ್ಲಿ ಯಾರಿಗೂ ಉತ್ತರ ಬೇಕಾಗಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಬಣ್ಣದ ಪರೀಕ್ಷೆ ಮಾಡಿದಾಗ ಪ್ರೋಟೀನು ಒಂದೂಮುಕ್ಕಾಲು ಮಿಲಿಗ್ರಾಂ ಇತ್ತು, ಎಂದಿನಷ್ಟೇ. ಮೇಡಂ ಆ ಕೇಂದ್ರಕ್ಕೆ ಕ್ಷಮೆ ಕೇಳಿ ಬರೆದರು, ಗೊತ್ತುಮಾಡಿದ ದಿನ ಕೈತಪ್ಪಿತು. ಬೀಗದ ಕೈ ಓರಗಿತ್ತಿಗೆ ಹೋಯಿತು. ಬೇಡ ಮೇಡಂ, ಅಕ್ಕನಿಗೇ ಕೊಡಿ ಅಂತ ಅವಳು ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಬಫರಕ್ಕ ಜೋಡಿ ಬಾಟಲಿ ತುಂಬಿದಳು. ತುದಿ ಕತ್ತರಿಸಿ, ಮೆಲ್ಲಗೆ ಎಳೆದು, ಬಾಯಿಬಿಟ್ಟು ಇಪ್ಪತ್ತು ಎಣಿಸಿದಳು. ಓರಗಿತ್ತಿ ಸ್ವೆಟರ್ ಹಾಕಿಕೊಂಡು, ಬೀಗದ ಕೈ ಹಿಡಿದು ಬಂದು, “ಕೊಡಿ ಅಕ್ಕಾ,” ಅಂದಳು. ದನಿ ಎಂದಿನಂತೆಯೇ ಇತ್ತು. ಬ್ಲ್ಯಾಂಕಿನ ಬಾಟಲಿ ತೆಗೆದುಕೊಂಡು ಒಂದು ಕ್ಷಣ ತಡೆದಳು. ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಲ್ಲಾಡಿಸಿದಳು. ನೊರೆ ಕುತ್ತಿಗೆಯವರೆಗೂ ಎದ್ದಿತು.

“ಸರಿಯಾಗಿದೆ ಅಕ್ಕಾ,” ಅಂದಳು.