‘ಬಂತು’ ಅಂದರೆ ಎಷ್ಟು ಸೆಕೆಂಡು?

ನಿಪ್ಪಾಣಿಯಲ್ಲಿ ಗಡಿಯಾರ ರಿಪೇರಿ ಮಾಡುವ ಹುಸೇನಮಿಯಾನ ಮಗಳು ಮುಬೀನಾ ಜನ್ಮದಲ್ಲಿ ಯಾರನ್ನೂ ನೆಮ್ಮದಿಯಿಂದ ತಡ ಮಾಡಲು ಬಿಟ್ಟವಳಲ್ಲ. ಹೆಣ್ಣು ನೋಡಲು ಬಂದ ವರ ಇಪ್ಪತ್ತೆರಡು ನಿಮಿಷ ತಡವಾಗಿ ಬಂದ. ಅವಳು ಅದನ್ನು ಅವನ ಮುಖಕ್ಕೇ ಹೇಳಿದಳು. ಅವನು ಚಹಾ ಕುಡಿಯದೆ ಹೋದ.

ಇಂಥ ವೀರವನಿತೆಯನ್ನು ಕಾಗವಾಡ ಕಡೆಯ ಒಂದು ಸಕ್ಕರೆ ಕಾರ್ಖಾನೆ ತಾತ್ಕಾಲಿಕ ಕಂಪ್ಯೂಟರ್ ಆಪರೇಟರ್ ಎಂದು ಮೂರು ವರ್ಷದಿಂದ ಇಟ್ಟುಕೊಂಡಿತ್ತು. ಯಾರ ಕಬ್ಬನ್ನು ಯಾವತ್ತು ಕಡಿಯಬೇಕೆಂದು ತಿಳಿಸುವ ಕಟಾವು ಚೀಟಿ 2014ರ ಹಂಗಾಮಿನಿಂದ ವೆಬ್‌ಸೈಟಿನಲ್ಲೇ ಸಿಗಬೇಕೆಂದು ಆಡಳಿತ ಮಂಡಳಿ ಠರಾವು ಮಾಡಿತು. ಸೋಮವಾರ ಉದ್ಘಾಟನೆ, ಶನಿವಾರ ಪರೀಕ್ಷೆ. ಇಪ್ಪತ್ತು ಹಳ್ಳಿಗಳ ಗುಮಾಸ್ತರು ಒಟ್ಟಿಗೆ ಗುಂಡಿ ಒತ್ತಿದರೂ ಐದು ಸೆಕೆಂಡಿನೊಳಗೆ ಚೀಟಿ ಬರಬೇಕು. ಪಾಸಾಯಿತೆಂದು ಮುಬೀನಾ ಸಹಿ ಹಾಕಿದರೆ ಅವಳ ನೌಕರಿ ಕಾಯಂ.

“ಆರ್ಡರು ಟೈಪ್ ಆಗೈತಿ. ತಾರೀಖಷ್ಟ ಖಾಲಿ ಐತಿ,” ಎಂದಿದ್ದರು ಮ್ಯಾನೇಜರ್ ಭೀಮಗೊಂಡರು.

ಕಂಪ್ಯೂಟರ್ ಕೋಣೆ ರಣರಂಗವಾಯಿತು. ಇಪ್ಪತ್ತು ಯೋಧರು ಬಲಗೈಯಲ್ಲಿ ಮೌಸು, ಎಡಗೈಯಲ್ಲಿ ಮೊಬೈಲಿನ ಸ್ಟಾಪ್‌ವಾಚು ಹಿಡಿದು ಕುಳಿತರು. ಫ್ಯಾನಿನ ಸದ್ದು ಬಿಟ್ಟರೆ ಉಸಿರಿಲ್ಲ. ಮುಬೀನಾ ಕೈಯೆತ್ತಿದಳು.

“ಒತ್ರಿ!”

ಇಪ್ಪತ್ತು ಮೌಸುಗಳು ಕಟಕ್ಕೆಂದವು. “ಬಂತು! ಬಂತ್ರಿ! ನಂದೂ ಬಂತು!”

ಎಲ್ಲರ ಹಾಳೆಯಲ್ಲೂ ಎರಡು ಸೆಕೆಂಡು. ಭೀಮಗೊಂಡರು ಪೆನ್ನಿನ ಟೊಪ್ಪಿಗೆಯನ್ನೂ ತೆಗೆದುಕೊಟ್ಟರು. ಅವಳು ಪರೀಕ್ಷೆಯ ವರದಿಗೆ ಸಹಿ ಹಾಕಲು ಬಗ್ಗಿದಾಗ, ಮೂಲೆಯಲ್ಲಿ ಶೇಡಬಾಳದ ಗುಮಾಸ್ತೆ ಗಂಗೂಬಾಯಿ ಇನ್ನೂ ಪರದೆಯನ್ನೇ ದಿಟ್ಟಿಸುತ್ತಿರುವುದು ಕಂಡಿತು.

“ಏನ ನೋಡಾಕತ್ತೀರಿ ಅಕ್ಕಾರ?”

“ಚೀಟಿ ಹಾದಿ.”

“ಎರಡ ಸೆಕೆಂಡಿಗೆ ಬಂತಂತ ಬರದೀರಲ್ಲರಿ?”

“ಬಂತಲ್ಲವಾ! ಮ್ಯಾಲ ಕಾರ್ಖಾನಿ ಹೆಸರು ಬಂತು, ಚೇರಮನ್ರ ಫೋಟೋ ಬಂತು. ಚೀಟಿ ಬರತೈತಿ. ಬಸ್ಸು ದೂರ ತಿರುವಿನ್ಯಾಗ ಕಂಡಕೂಡ್ಲೆ ನಾವು ಬಂತು ಅನ್ನೂದಿಲ್ಲೇನು?”

ಮುಬೀನಾ ಉಳಿದವರನ್ನೂ ಕೇಳಿದಳು. ಇಪ್ಪತ್ತು ಜನರೂ ಬಸ್ಸು ನಿಲ್ಲುವ ಮೊದಲೇ ಗಡಿಯಾರ ನಿಲ್ಲಿಸಿದ್ದರು. ಪೆನ್ನು ಹಾಳೆಯಿಂದ ಒಂದು ಬೆರಳು ಮೇಲೆ ನಿಂತಿತು.

“ಸಹಿ ಮಾಡವಾ. ಸೋಮವಾರದ ಹಾರ ಹೇಳಾಕ ಮಂದಿ ಮಿರಜಿಗೆ ಹೋಗ್ಯಾರ,” ಎಂದರು ಭೀಮಗೊಂಡರು.

“ಇನ್ನೊಂದ ಸಲ ಒತ್ತಿಸ್ತೇನ್ರಿ.”

“ಯಾಕಬೇ? ಕಾಯಂ ಆಗೂದು ಬ್ಯಾಡೇನ?”

“ಬೇಕ್ರಿ. ಗಂಗೂಬಾಯಾರ ಕುರ್ಚಿಮ್ಯಾಲೆ ನೀವ ಕುಂಡ್ರಿ ಸಾಹೇಬ್ರ. ಚೀಟಿ ನಂಬರು ನಿಮ್ಮ ಕೈಲೆ ಬರಕೊಂಡ ಮ್ಯಾಲ ಬಂತು ಅನ್ರಿ.”

ಭೀಮಗೊಂಡರು ಸಿಂಹಾಸನವೇರುವ ಠೀವಿಯಲ್ಲಿ ಕುಳಿತರು. ಮತ್ತೆ ಇಪ್ಪತ್ತು ಮೌಸುಗಳು ಕಟಕ್ಕೆಂದವು.

ಎರಡನೆಯ ಸೆಕೆಂಡಿಗೆ ಚೇರಮನ್ನರ ಫೋಟೋ. ಭೀಮಗೊಂಡರ ಬಾಯಿ ‘ಬಂ’ ಎಂದು ತೆರೆದು ಹಾಗೆಯೇ ಮುಚ್ಚಿಕೊಂಡಿತು. ಏಳು. ಕೆಳಗೆಲ್ಲ ಬಿಳಿ. ಹನ್ನೊಂದು. ಅವರು ಪರದೆಯನ್ನು ಒಮ್ಮೆ ಬೆರಳಿಂದ ತಟ್ಟಿದರು. ಹದಿನಾರು. ಅವರ ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿಯಿತು. ಇಪ್ಪತ್ತು. ಮುಬೀನಾ ಪರದೆ ನೋಡದೆ ಗಡಿಯಾರವನ್ನಷ್ಟೇ ನೋಡಿದಳು. ಪರದೆಯನ್ನು ನೋಡಿದರೆ ಬೇಗ ಬಾ ಎಂದು ತಾನೇ ಬೇಡಿಕೊಂಡೇನು ಎಂಬ ಭಯ ಅವಳಿಗೆ.

“ಬಂತು,” ಎಂದರು ಭೀಮಗೊಂಡರು, ಸೋತ ದನಿಯಲ್ಲಿ.

“ಇಪ್ಪತ್ಮೂರ್ರಿ.”

ಅವರು ಪೆನ್ನು ಕಸಿದುಕೊಂಡು, ವರದಿಯಲ್ಲಿದ್ದ ‘ಎರಡು’ ಹೊಡೆದುಹಾಕಿ ‘ಇಪ್ಪತ್ಮೂರು’ ಎಂದು ಬರೆದರು. ಪಕ್ಕದಲ್ಲಿ ‘ನಾಪಾಸು’.

“ನಿನ್ನ ಆರ್ಡರೂ ಕುಂತಿತಲ್ಲವಾ.”

“ಕುಂಡ್ರಲಿ. ಎಷ್ಟ ದಿನ ಅಂತ ಹೇಳ್ರಿ, ಬರಕೊತೇನಿ.”

ಭೀಮಗೊಂಡರು ವೆಬ್‌ಸೈಟ್ ಮಾಡಿಕೊಟ್ಟ ಪುಣೆಯವರಿಗೆ ಫೋನು ಹಚ್ಚಿದರು. ಆ ಕಡೆ ರಿಂಗಾಗುತ್ತಲೇ ಇತ್ತು. ‘ನಾಪಾಸು’ ಎಂಬುದರ ಕೆಳಗೆ ಮುಬೀನಾ ಸಹಿ ಮಾಡಿದಳು. ಹೊತ್ತನ್ನೂ ಬರೆದಳು: ನಾಲ್ಕು ಗಂಟೆ ಹನ್ನೆರಡು ನಿಮಿಷ.