ಹಿರಿಯರ ಪಾಲಾದ ಪಾಸು

ನನ್ನ ಗಂಡ ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದಾಗ ಆ ಆಸ್ಪತ್ರೆಯವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ರೋಗಿಗಳ ಮನೆಯವರ ಜೊತೆ ಮಾತಾಡಲೆಂದೇ ಒಬ್ಬ ಆಪ್ತಸಮಾಲೋಚಕಿಯನ್ನು ಇಟ್ಟಿದ್ದರು. ಆಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮರಾಠಿಯಲ್ಲಿ ಹೇಳಿದಳು: ಉಸಿರಾಟಕ್ಕೆಂದು ಹಾಕಿದ ಗಂಟಲಿನ ನಳಿಕೆ ತೆಗೆದ ಮೇಲೆ ರೋಗಿಗೆ ತಾನೆಲ್ಲಿದ್ದೇನೆಂದು ತಿಳಿಯದೆ ಗಾಬರಿಯಾಗುತ್ತದೆ, ಆಗ ನೀವೇ ಹೋಗಿ ಕೈ ಹಿಡಿದು ಮಾತಾಡಿ. ಅದು ಅವರಿಗೂ ಬೇಕು, ನಿಮಗೂ ಬೇಕು. ನಿಮಗೂ ಬೇಕು ಎಂದು ಅಲ್ಲಿ ನನಗೆ ಹೇಳಿದವಳು ಅವಳೊಬ್ಬಳೇ.

ನಮ್ಮವರಿಗೆ ಅದೆಲ್ಲ ಎಲ್ಲಿ ತಿಳಿಯಬೇಕು? ವಿಜಯಪುರದ ಕಡೆಯಿಂದ ಪುಣೆಗೆ ಬಂದು ಅಂಗಡಿ ಇಟ್ಟ ಮಂದಿ ನಾವು. ಯಾರಾದರೂ ಆಸ್ಪತ್ರೆ ಸೇರಿದರೆ ಬಳಗವೆಲ್ಲ ಬಂದು ಮುಖ ನೋಡಿ ಹೋಗಲೇಬೇಕು, ಇಲ್ಲದಿದ್ದರೆ ವರ್ಷಗಟ್ಟಲೆ ಮಾತು ಬರುತ್ತದೆ. ಧನಕವಡಿಯಿಂದ ಬಂದರು, ಹಿಂಜವಾಡಿಯಿಂದ ಬಂದರು. ಬಂದವರಿಗೆಲ್ಲ ನಾನು ಮೊದಲಿನಿಂದ ಕತೆ ಹೇಳಬೇಕು, ಅವರು ಲೊಚಗುಟ್ಟಬೇಕು, ಆಮೇಲೆ ನಾನು ಕ್ಯಾಂಟೀನಿನಿಂದ ಚಹಾ ತರಬೇಕು. ಗಂಡ ಒಳಗೆ ಉಸಿರಿಗೆ ಒದ್ದಾಡುತ್ತಿರುವಾಗ ಒಬ್ಬರು ಸಕ್ಕರೆ ಕಡಿಮೆಯಾಯಿತೆಂದು ಲೋಟ ವಾಪಸ್ ಕೊಟ್ಟರು. ಬದಲಾಯಿಸಿ ತಂದೆ.

ನಳಿಕೆ ತೆಗೆದ ದಿನ ಸಂಜೆ, ಒಳಗೆ ಬಿಡುವ ಹೊತ್ತಿಗೆ ನಾನು ಪಾಸು ಹಿಡಿದು ಬಾಗಿಲ ಬಳಿ ನಿಂತಿದ್ದೆ. ದಿನಕ್ಕೆ ಒಬ್ಬರನ್ನೇ ಒಳಗೆ ಬಿಡುತ್ತಿದ್ದರು, ಉಳಿದವರು ಗಾಜಿನ ಬಾಗಿಲಿನಿಂದಲೇ ಮುಖ ನೋಡಬೇಕು. ಅಷ್ಟರಲ್ಲಿ ಲೋಣಾವಳಾದಿಂದ ಗಂಡನ ಕಾಕಾ ಬಂದರು, ಕೈಯಲ್ಲಿ ಚಿಕ್ಕಿಯ ಪೊಟ್ಟಣ ಬೇರೆ. ಐಸಿಯುನಲ್ಲಿ ಮಲಗಿದವರಿಗೆ ಚಿಕ್ಕಿ!

ಮೈದುನ ಹತ್ತಿರ ಬಂದ. "ವೈನಿ, ಪಾಸ್ ಕಾಕಾಗ ಕೊಡ್ರಿ. ಲೋಕಲ್ ರೈಲಿನ್ಯಾಗ ನಿಂತ್ಕೊಂಡ ಬಂದಾರ. ಹಿರ್ಯಾರನ್ನ ಹಂಗ ಕಳಿಸಿದ್ರ ಛಂದ ಕಾಣ್ಸೂದಿಲ್ಲ."

"ಅವರಿಗೆ ಎಚ್ಚರ ಆಗೇದ. ಇವತ್ತ ನಾ ಹೋಗ್ಬೇಕು," ಎಂದೆ.

"ನೀವು ದಿನಾ ಇಲ್ಲೇ ಇರ್ತೀರಲ್ರಿ. ನಾಳೆ ಹೋದ್ರಾತು."

ಮೈದುನ ನನ್ನ ಕೈಯಿಂದ ಪಾಸು ತೆಗೆದುಕೊಂಡ. ಕಾಕಾ ಬೇಡ ಬೇಡ ಎನ್ನುತ್ತಲೇ ಚಪ್ಪಲಿ ಬಿಟ್ಟರು. ಆ ಬೇಡ ಬೇಡ ಎಂದದ್ದರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಹೊರಗೆ ಬಂದು ಅವರು ನಿರಾಳವಾಗಿ ಕುರ್ಚಿಯಲ್ಲಿ ಕುಳಿತರು. "ಭಾಳ ಛಲೋ ಮಾತಾಡಿದ. ಆಕಿ ಎಲ್ಲಿ ಅಂತ ಎರಡ ಸಲ ಕೇಳಿದ. ಬಂದವರಿಗೆ ಚಹಾ ಕೊಡಾಕತ್ತಾಳ ಅಂದೆ."

ಬೆಳಗಾಗುವಷ್ಟರಲ್ಲಿ ಗಂಡನ ಉಸಿರು ಮತ್ತೆ ಕೆಟ್ಟು ನಳಿಕೆ ಹಾಕಿದರು. ಆಮೇಲೆ ಅವರು ಕಣ್ಣು ತೆರೆಯಲಿಲ್ಲ. ಮಣ್ಣಿಗೆ ಬಂದವರು "ಪುಣ್ಯಾ, ಎಲ್ಲಾರೂ ಮುಖಾ ನೋಡಿದ್ವಿ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಕೆಲವು ವಾರ ಕಳೆದು ಆ ಸಮಾಲೋಚಕಿ ಫೋನ್ ಮಾಡಿದಳು. ನಿದ್ದೆ ಬರುತ್ತಿದೆಯೇ, ಊಟ ಮಾಡುತ್ತೀರಾ ಎಂದು ವಿಚಾರಿಸಿದಳು. ಎಚ್ಚರವಾದ ದಿನ ಅವರು ನಿಮ್ಮ ಜೊತೆ ಏನು ಮಾತಾಡಿದರು, ಹೇಳಬೇಕೆನಿಸಿದರೆ ಹೇಳಿ ಎಂದು ಮೆಲ್ಲಗೆ ಕೇಳಿದಳು.

ಅದು ನಮ್ಮ ಕಾಕಾಗೆ ಗೊತ್ತು, ನಂಬರು ಕೊಡುತ್ತೇನೆ, ಅವರನ್ನೇ ಕೇಳಿ ಎಂದೆ.